ಹಿರಿಯರಿಂದ ಬಂದ ಅಪರೂಪದ ನಾಣ್ಯ: ಇಟ್ಟುಕೊಳ್ಳುವುದೋ, ಮಾರುವುದೋ?

ಅಜ್ಜ ತೀರಿಕೊಂಡ ಮೇಲೆ ಅವರ ಮರದ ಪೆಟ್ಟಿಗೆಯಿಂದ ನನ್ನ ಪಾಲಿಗೆ ಬಂದದ್ದು ಒಂದು ದೊಡ್ಡ ಬೆಳ್ಳಿ ನಾಣ್ಯ. ಹಳೆಯ ಕಾಗದದಲ್ಲಿ ನಾಲ್ಕು ಮಡಿಕೆ ಮಾಡಿ ಸುತ್ತಿಟ್ಟಿದ್ದರು. ಒಂದು ಮಗ್ಗುಲಲ್ಲಿ ಮುಸುಕು ಹೊದ್ದ ತುಂಬು ಮೈಯ ರಾಣಿ, ಇನ್ನೊಂದು ಮಗ್ಗುಲಲ್ಲಿ ಎರಡು ತಲೆಯ ಹದ್ದು, ಅಂಚಿನ ಬರಹದ ಕೊನೆಯಲ್ಲಿ 1780. ಇಸವಿ ಕಂಡದ್ದೇ ತಡ, ಮನೆಯಲ್ಲಿ ಎರಡು ಪಕ್ಷವಾಯಿತು. ‘ಇಷ್ಟು ಹಳೆಯದನ್ನು ಇಟ್ಟುಕೊಂಡು ಏನು ಮಾಡುತ್ತೀಯ, ಒಳ್ಳೆ ಬೆಲೆ ಬರುತ್ತೆ, ಮಾರಿಬಿಡು’ ಅಂದರು ಚಿಕ್ಕಪ್ಪ. ‘ಅಪ್ಪ ಜೋಪಾನ ಮಾಡಿದ್ದನ್ನು ಮಾರೋದು ಅಂದರೇನು’ ಅಂದರು ಅತ್ತೆ.

ಅದು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಹೆಸರಿನ ಬೆಳ್ಳಿ ನಾಣ್ಯ, ಮರಿಯಾ ತೆರೇಸಾ ಥೇಲರ್ ಎಂದು ಆಮೇಲೆ ಗೊತ್ತಾಯಿತು. ಆ ರಾಣಿ ತೀರಿಕೊಂಡದ್ದು 1780ರಲ್ಲಿ. ಆದರೆ ವ್ಯಾಪಾರಿಗಳಿಗೆ ಆ ನಾಣ್ಯದ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ, ಆಕೆ ಸತ್ತು ತಲೆಮಾರುಗಳು ಕಳೆದ ಮೇಲೂ ಅದೇ ಇಸವಿ ಹಾಕಿ ಅದನ್ನು ಅಚ್ಚು ಹಾಕುತ್ತಲೇ ಹೋದರು. ವಿಯೆನ್ನಾ ಮಾತ್ರವಲ್ಲ, 20ನೇ ಶತಮಾನದಲ್ಲಿ ರೋಮ್, ಲಂಡನ್, ಪ್ಯಾರಿಸ್, ಬಾಂಬೆಯ ಟಂಕಸಾಲೆಗಳಲ್ಲೂ. ತೂಕ 28 ಗ್ರಾಂ ಚಿಲ್ಲರೆ, ಅದರಲ್ಲಿ ಬೆಳ್ಳಿ ನೂರಕ್ಕೆ 83ರಷ್ಟು. ಲೋಕದಲ್ಲಿ ಇವು ಕೋಟಿಗಟ್ಟಲೆ ಇವೆ. ಮಾರು ಅಂದವರಿಗೂ ಮಾರಬೇಡ ಅಂದವರಿಗೂ ಕೈಯಲ್ಲಿರುವುದು ಏನು ಅನ್ನುವುದೇ ಗೊತ್ತಿರಲಿಲ್ಲ.

ಚಿಕ್ಕಪ್ಪನ ಪಾಲಿಗೆ ಬಂದದ್ದು ಇನ್ನೊಂದು ಬೆಳ್ಳಿ ನಾಣ್ಯ, ನೋಡಲು ಸಾಧಾರಣ. ನಿಜವಾಗಿ ಅಪರೂಪದ್ದು ಅದು. ಆ ಎರಡು ನಾಣ್ಯಗಳ ಹಿಂದೆ ಓಡಾಡಿ ನಾನು ಕಂಡುಕೊಂಡದ್ದು ಮೊದಲಿಗೆ ತಲೆಕೆಳಗು ಅನ್ನಿಸಬಹುದು: ನಾಣ್ಯ ಸಾಮಾನ್ಯದ್ದಾದಷ್ಟೂ ಇಟ್ಟುಕೊಳ್ಳಿ, ಅಪರೂಪದ್ದಾದಷ್ಟೂ ಮಾರುವ ಮಾತನ್ನು ಗಂಭೀರವಾಗಿ ಯೋಚಿಸಿ. ಸಾಮಾನ್ಯ ನಾಣ್ಯ ಮಾರಿದರೆ ಬರುವುದು ಹೆಚ್ಚುಕಡಿಮೆ ಲೋಹದ ಬೆಲೆ, ಹೋಗುವುದು ಅಜ್ಜನ ಗುರುತು. ಅಪರೂಪದ ನಾಣ್ಯಕ್ಕಾದರೋ ಲಾಕರ್ ಬೇಕು, ವಿಮೆ ಬೇಕು, ತೇವದಿಂದ ಕಾಪಾಡಬೇಕು, ಅಣ್ಣತಮ್ಮಂದಿರ ನಡುವೆ ಮಾತು ಬಾರದಂತೆ ನೋಡಿಕೊಳ್ಳಬೇಕು. ಅದನ್ನೆಲ್ಲ ಮನಸಾರೆ ಮಾಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಮೊದಲು ಏನೆಂದು ತಿಳಿಯಿರಿ

ಇಸವಿಯೊಂದನ್ನೇ ನೋಡಿ ಅಪರೂಪ ಅಳೆಯಬೇಡಿ. ಸಾವಿರದೈನೂರು ವರ್ಷ ಹಿಂದಿನ ರೋಮನ್ ತಾಮ್ರದ ನಾಣ್ಯಗಳು ಅಗ್ಗಕ್ಕೆ ಸಿಗುತ್ತವೆ, ಏಕೆಂದರೆ ಕೊಡಗಟ್ಟಲೆ ಹೂತಿಟ್ಟದ್ದು ಇಂದಿಗೂ ಭೂಮಿಯಿಂದ ಬರುತ್ತಿದೆ. ಬೆಲೆಯನ್ನು ತೀರ್ಮಾನಿಸುವುದು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನ ಹುಡುಕುತ್ತಿದ್ದಾರೆ ಅನ್ನುವ ಮೂರು ಮಾತು. 1909ರಲ್ಲಿ ಅಮೆರಿಕದಲ್ಲಿ ಲಿಂಕನ್ ಮುಖದ ಒಂದು ಸೆಂಟಿನ ನಾಣ್ಯ ಹೊರಬಂತು. ಹಿಮ್ಮುಖದಲ್ಲಿ ಶಿಲ್ಪಿಯ ಹೆಸರಿನ ಮೂರಕ್ಷರ ಇರುವ ನಾಣ್ಯಗಳನ್ನು ಫಿಲಡೆಲ್ಫಿಯಾ ಟಂಕಸಾಲೆ 2.7 ಕೋಟಿಗೂ ಹೆಚ್ಚು ಹಾಕಿತು, ಸ್ಯಾನ್ ಫ್ರಾನ್ಸಿಸ್ಕೋ ಹಾಕಿದ್ದು 4,84,000 ಮಾತ್ರ. ಎರಡಕ್ಕೂ ಇರುವ ಭೇದ ಇಸವಿಯ ಕೆಳಗಿನ ಎಳ್ಳುಕಾಳಿನಷ್ಟು ‘ಎಸ್’ ಅಕ್ಷರ. ಸಂಗ್ರಾಹಕರು ಹುಡುಕುವುದು ಅದನ್ನೇ. ಮೋಸಗಾರರು ಸಾಮಾನ್ಯ ನಾಣ್ಯಕ್ಕೆ ಬೆಸೆದು ಅಂಟಿಸುವುದೂ ಅದನ್ನೇ. ಹಾಗಾಗಿ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯೊಂದನ್ನು ಕೊಂಡುಕೊಳ್ಳಿ. ಇಸವಿಯ ಸುತ್ತಮುತ್ತ, ಅಂಚಿನ ಗೀರುಗಳು, ಅಕ್ಷರಗಳ ಬುಡ, ಇಷ್ಟನ್ನು ಸಾವಕಾಶವಾಗಿ ನೋಡಿ.

ಆಮೇಲೆ ತೂಕ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಸಾಕು. ಬ್ರಿಟನ್ನಿನ ಚಿನ್ನದ ಸವರನ್ 7.99 ಗ್ರಾಂ ತೂಗಬೇಕು, ಅಡ್ಡಳತೆ 22.05 ಮಿಲಿಮೀಟರ್ ಇರಬೇಕು. ಅಗ್ಗದ ಲೋಹದಲ್ಲಿ ಈ ಎರಡನ್ನೂ ಸರಿಹೊಂದಿಸಲು ಹೋದರೆ ನಾಣ್ಯ ದಪ್ಪವಾಗುತ್ತದೆ, ಸಿಕ್ಕಿಬೀಳುತ್ತದೆ. ನೀರಿನೊಳಗೆ ತೂಗಿ ಸಾಂದ್ರತೆ ನೋಡುವುದು ಇನ್ನೂ ಒಳ್ಳೆಯದು: ಅಷ್ಟೇ ಗಾತ್ರದ ನೀರಿನ ತೂಕಕ್ಕೆ ಶುದ್ಧ ಚಿನ್ನ 19.3 ಪಟ್ಟು, ಬೆಳ್ಳಿ 10.5 ಪಟ್ಟು, ತಾಮ್ರ 9 ಪಟ್ಟಿನ ಹತ್ತಿರ. ಟಂಗ್‌ಸ್ಟನ್ ಮಾತ್ರ ಚಿನ್ನದಷ್ಟೇ ಸಾಂದ್ರವಾದ್ದರಿಂದ ಇದೊಂದನ್ನೇ ನಂಬಿ ಕೂರಬಾರದು. ಉಜ್ಜಿ ಒರೆ ಹಚ್ಚುವುದು, ಅಂಚು ಕೆರೆದು ನೋಡುವುದು ಒಡವೆಗೆ ಸರಿ. ನಾಣ್ಯಕ್ಕೆ ಅದು ಗಾಯ.

ಕೆಲವು ನಾಣ್ಯಗಳ ವಿಷಯದಲ್ಲಿ ಆಸೆಯನ್ನು ಮೊದಲೇ ತಡೆಹಿಡಿಯುವುದು ಒಳ್ಳೆಯದು. 1804ರ ಅಮೆರಿಕನ್ ಬೆಳ್ಳಿ ಡಾಲರ್ ಆ ಇಸವಿಯಲ್ಲಿ ತಯಾರಾಗಲೇ ಇಲ್ಲ. 1830ರ ದಶಕದಲ್ಲಿ ಪರರಾಷ್ಟ್ರದ ದೊರೆಗಳಿಗೆ ಉಡುಗೊರೆ ಕೊಡಲೆಂದು ಮೊದಲ ಕೆಲವನ್ನು ಮಾಡಿದರು, ಆಮೇಲೆ ಇನ್ನು ಕೆಲವಾದವು. ಲೋಕಕ್ಕೆ ಗೊತ್ತಿರುವುದು ಬಹಳ ಕೆಲವೇ. ಮನೆಯ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕರೆ ಅದು ನಕಲೇ ಎಂದುಕೊಂಡು ಹೊರಡುವುದು ವಾಸಿ.

ತೊಳೆಯಬೇಡಿ

ಮಾರುವವರಿಗೂ ಇಟ್ಟುಕೊಳ್ಳುವವರಿಗೂ ಇದು ಒಂದೇ ಮಾತು, ಕೈಮುಗಿದು ಹೇಳುತ್ತೇನೆ. ಡೀಲರ್ ಬಳಿ ಹೋಗುವ ಹಿಂದಿನ ರಾತ್ರಿ ಚಿಕ್ಕಪ್ಪ ತಮ್ಮ ನಾಣ್ಯವನ್ನು ಬೆಳ್ಳಿ ಪಾಲಿಶ್ ಹಚ್ಚಿ ಮೆತ್ತನೆ ಬಟ್ಟೆಯಿಂದ ತಿಕ್ಕಿದ್ದರು. ಅಪ್ಪನ ವಸ್ತು ಮಾಸಿದ ಮುಖ ಹೊತ್ತು ಪರರ ಮುಂದೆ ಹೋಗಬಾರದು ಅನ್ನುವ ಪ್ರೀತಿ ಅದು. ಆ ಡೀಲರ್ ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿದರು. ಏನೂ ಹೇಳಲಿಲ್ಲ. ತಮ್ಮ ಮೇಜಿನಿಂದ ಅದೇ ಜಾತಿಯ ಇನ್ನೊಂದನ್ನು ತೆಗೆದು ಹಾಗೆಯೇ ಓರೆ ಮಾಡಿ ನಮಗೆ ತೋರಿಸಿದರು. ಅದು ಬೂದುಬಣ್ಣಕ್ಕೆ ತಿರುಗಿತ್ತು, ಆದರೂ ಬೆಳಕು ಅದರ ಮೇಲೆ ಬಂಡಿಚಕ್ರದ ಅರಗಳಂತೆ ತಿರುಗುತ್ತಿತ್ತು. ಅಚ್ಚು ಬಡಿದಾಗ ಲೋಹ ನಡುವಿನಿಂದ ಹೊರಕ್ಕೆ ಹರಿದು ಮೂಡಿಸಿದ ಕೂದಲೆಳೆಯಂಥ ಗೆರೆಗಳ ಮಿನುಗು ಅದು. ನಮ್ಮದು ಪಾತ್ರೆಯಂತೆ ಹೊಳೆಯುತ್ತಿತ್ತು, ಬೆಳಕು ಒಂದೇ ಕಡೆ ನಿಂತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಮುಖದ ಮೇಲೆಲ್ಲ ಸಣ್ಣ ಗೀರು, ಅಕ್ಷರಗಳ ಸಂದಿನಲ್ಲಿ ಬಿಳಿಯ ಪುಡಿ. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಹೋದ ಮಿನುಗನ್ನು ಯಾರಿಂದಲೂ ತರಲಾಗುವುದಿಲ್ಲ.

ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಗಾಳಿಯ ಗಂಧಕದ ಜೊತೆ ಸೇರಿ ಬೆಳ್ಳಿಯೇ ಹೊದ್ದ ತೆಳು ಪದರ. ಕೆಲವೊಮ್ಮೆ ಅದು ನೀಲಿ, ಚಿನ್ನ, ನೇರಳೆ ಬಣ್ಣವಾಗಿ ಮೂಡಿ ನಾಣ್ಯದ ಬೆಲೆಯನ್ನೇ ಏರಿಸುತ್ತದೆ. ಕಾಪಾಡಿದ ಸ್ಥಿತಿಗೆ ಎಷ್ಟು ತೂಕವಿದೆ ಅನ್ನುವುದು ಗ್ರೇಡಿಂಗ್ ಅಂಕಗಳಿಂದ ತಿಳಿಯುತ್ತದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವರು ಹಳೆಯ ಅಮೆರಿಕನ್ ತಾಮ್ರದ ಸೆಂಟ್‌ಗಳಿಗಾಗಿ 1ರಿಂದ 70ರ ಅಳತೆಗೋಲು ಮಾಡಿದರು. ಇಂದು ದೊಡ್ಡ ಗ್ರೇಡಿಂಗ್ ಸಂಸ್ಥೆಗಳು ಬಳಸುವುದು ಅದನ್ನೇ. 60ರಿಂದ ಮೇಲಿನವು ಚಲಾವಣೆಯಲ್ಲಿ ಸವೆಯದ ನಾಣ್ಯಗಳು, ಅಲ್ಲಿ ಒಂದೆರಡು ಅಂಕದ ಅಂತರಕ್ಕೆ ಬೆಲೆ ಹಲವು ಪಟ್ಟು ಬದಲಾಗಬಹುದು. ತಿಕ್ಕಿದ ನಾಣ್ಯಕ್ಕೆ ಅಂಕವನ್ನೇ ಕೊಡದೆ ‘ಶುಚಿ ಮಾಡಿದ್ದು’ ಎಂದು ಬರೆದು ಕಳಿಸುತ್ತಾರೆ.

ಅಮೆರಿಕದ ಗ್ರೇಡಿಂಗ್ ಸಂಸ್ಥೆಗಳಾದ ಪಿಸಿಜಿಎಸ್ 1986ರಿಂದ, ಎನ್‌ಜಿಸಿ 1987ರಿಂದ ಈ ಕೆಲಸ ಮಾಡುತ್ತಿವೆ. ಅಸಲಿ ಹೌದೋ ಅಲ್ಲವೋ ನೋಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಸಂಖ್ಯೆ ಹಾಕಿ ಕೊಡುತ್ತಾರೆ. ನಾಣ್ಯದ ಅಂದಾಜು ಬೆಲೆ ಆ ಶುಲ್ಕ, ಸಾಗಣೆ, ವಿಮೆಯ ಹತ್ತು ಪಟ್ಟಾದರೂ ಇದ್ದರೆ ಕಳಿಸಿ. ಇಲ್ಲದಿದ್ದರೆ ಬೇಡ. ನನ್ನ ಥೇಲರ್‌ಗೆ ನಾನು ಮಾಡಿಸಲಿಲ್ಲ.

ಒಬ್ಬರ ಮಾತಿಗೆ ನಿಲ್ಲಬೇಡಿ

1913ರ ಇಸವಿಯ ಲಿಬರ್ಟಿ ನಿಕಲ್ ಎಂಬ ಐದು ಸೆಂಟಿನ ನಾಣ್ಯ ಲೋಕದಲ್ಲಿ ಇರುವುದು ಐದೇ. ಅದರಲ್ಲಿ ಒಂದರ ಒಡೆಯರು 1962ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ನಾಣ್ಯ ಅವರ ಜೊತೆಯಲ್ಲೇ ಇತ್ತು. ಅವರ ಆಸ್ತಿ ವಿಲೇವಾರಿ ಮಾಡುವಾಗ ತಜ್ಞರು ಇದು ಅಸಲಿಯಲ್ಲ ಎಂದುಬಿಟ್ಟರು. ತೀರಿಕೊಂಡವರ ಸಹೋದರಿ ಅದನ್ನು ಎಸೆಯಲಿಲ್ಲ. ಮನೆಯ ಕಪಾಟಿನಲ್ಲಿ ಇಟ್ಟುಕೊಂಡರು, ಆಮೇಲೆ ಅದು ಅವರ ಮಕ್ಕಳಿಗೆ ಬಂತು. 2003ರಲ್ಲಿ ಉಳಿದ ನಾಲ್ಕರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದಾಗ ಅದೇ ಕಾಣೆಯಾದ ಐದನೆಯದು ಎಂದು ಖಚಿತವಾಯಿತು. 2013ರಲ್ಲಿ ಹರಾಜಿನಲ್ಲಿ 31 ಲಕ್ಷ ಡಾಲರ್‌ಗೂ ಮೇಲೆ ಹೋಯಿತು.

ಎಲ್ಲರ ನಾಣ್ಯವೂ ಹೀಗಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬೆಲೆ ಕೇಳಲು ಹೋದವರು ಇಬ್ಬರು ಮೂವರ ಬಳಿ ಬೇರೆ ಬೇರೆಯಾಗಿ ಹೋಗಬೇಕು, ಅದರಲ್ಲಿ ಒಬ್ಬರಾದರೂ ಆ ನಾಣ್ಯ ಕೊಳ್ಳುವ ಆಸೆ ಇಲ್ಲದವರಾಗಿರಬೇಕು. ಕೊಳ್ಳುವವರೇ ಬೆಲೆ ಕಟ್ಟುವವರೂ ಆದಾಗ ತಕ್ಕಡಿ ಯಾವ ಕಡೆ ವಾಲುತ್ತದೆ ಅನ್ನುವುದು ತಿಳಿದದ್ದೇ. ನೋಡಿ ಹೇಳಲು ಶುಲ್ಕ ಪಡೆಯುವ ಮೌಲ್ಯಮಾಪಕರು ಇದ್ದಾರೆ. ಅವರಿಂದ ತಾರೀಖು ಹಾಕಿದ ಬರಹ ಪಡೆಯಿರಿ. ಅನೇಕ ದೇಶಗಳಲ್ಲಿ ವಾರಸುದಾರರು ಮುಂದೆ ಮಾರಿದಾಗ ಲಾಭದ ಮೇಲೆ ತೆರಿಗೆ ಬರುತ್ತದೆ. ಲಾಭವನ್ನು ಯಾವ ಬೆಲೆಯಿಂದ ಎಣಿಸಬೇಕು ಅನ್ನುವುದು ಒಂದೊಂದು ಕಡೆ ಒಂದೊಂದು ಬಗೆ. ಆ ಕಾಗದ ಇದ್ದರೆ ಲೆಕ್ಕಪರಿಶೋಧಕರಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಗುತ್ತದೆ.

ಮಾರುವ ಹಕ್ಕು ಇದೆಯೇ?

ಇದನ್ನು ಬಹಳ ಜನ ಕೊನೆಗೆ ಕೇಳಿಕೊಳ್ಳುತ್ತಾರೆ. 1933ರ ಅಮೆರಿಕನ್ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ, ಅಂದರೆ ಡಬಲ್ ಈಗಲ್, 4,45,500 ತಯಾರಾದವು. ಚಲಾವಣೆಗೆ ಬಿಡುವ ಮೊದಲೇ ಸರ್ಕಾರ ಚಿನ್ನದ ನಾಣ್ಯ ನಿಲ್ಲಿಸಿ ಅವನ್ನು ಕರಗಿಸಿತು. ಕೆಲವು ಹೇಗೋ ಹೊರಗೆ ಹೋದವು. 2003ರಲ್ಲಿ ಫಿಲಡೆಲ್ಫಿಯಾದ ಒಡವೆ ವ್ಯಾಪಾರಿಯೊಬ್ಬರ ವಾರಸುದಾರರಿಗೆ ಬ್ಯಾಂಕ್ ಲಾಕರಿನಲ್ಲಿ ಅಂಥ ಹತ್ತು ನಾಣ್ಯ ಸಿಕ್ಕವು. ಅಸಲಿ ಹೌದೇ ನೋಡಿ ಎಂದು ಟಂಕಸಾಲೆಗೇ ಕೊಟ್ಟರು. ಅಸಲಿ ಹೌದು, ಆದರೆ ಕದ್ದ ಮಾಲು ಎಂದು ಸರ್ಕಾರ ಹಿಂತಿರುಗಿಸಲಿಲ್ಲ. ಕುಟುಂಬ ವರ್ಷಗಟ್ಟಲೆ ಕೋರ್ಟಿಗೆ ಅಲೆಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪದೆ ಅಲ್ಲಿಗೆ ಮುಗಿಯಿತು. ಅದೇ ನಾಣ್ಯದ ಒಂದೇ ಒಂದು ಪ್ರತಿಯನ್ನು ಖಾಸಗಿಯವರು ಇಟ್ಟುಕೊಳ್ಳಲು ಸರ್ಕಾರ ಒಪ್ಪಿತ್ತು. 2021ರಲ್ಲಿ ಅದು ಸುಮಾರು 1.89 ಕೋಟಿ ಡಾಲರ್‌ಗೆ ಹೋಯಿತು. ಲೋಹ ಒಂದೇ, ಅಚ್ಚು ಒಂದೇ. ಭೇದ ಕಾಗದಪತ್ರದ್ದು.

ನಮ್ಮಂಥವರ ನಾಣ್ಯಕ್ಕೆ ಇಷ್ಟು ದೊಡ್ಡ ಗಂಡಾಂತರ ಇರಲಿಕ್ಕಿಲ್ಲ. ಆದರೆ ನೆಲದಲ್ಲಿ ಸಿಕ್ಕ ನಿಧಿಯ ಭಾಗವೇ, ಹಿರಿಯರು ಕೊಂಡದ್ದೇ ಅನ್ನುವುದು ಕಾನೂನಿಗೆ ಮುಖ್ಯ. 1970ರ ಯುನೆಸ್ಕೋ ಒಪ್ಪಂದ ನೂರು ವರ್ಷ ಮೀರಿದ ನಾಣ್ಯಗಳನ್ನೂ ಸಾಂಸ್ಕೃತಿಕ ಸ್ವತ್ತಿನ ಸಾಲಿನಲ್ಲಿ ಹೆಸರಿಸುತ್ತದೆ. ಅನುಮತಿ ಇಲ್ಲದೆ ಅಂಥದ್ದನ್ನು ಗಡಿ ದಾಟಿಸಿದರೆ ಅನೇಕ ದೇಶಗಳಲ್ಲಿ ಅಪರಾಧ. ಪರದೇಶದ ಹರಾಜಿಗೆ ಅಂಚೆಯಲ್ಲಿ ಹಾಕುವ ಮೊದಲು ನಿಮ್ಮ ದೇಶದ ನಿಯಮ ಕೇಳಿ. ಹಿರಿಯರ ಹಳೆಯ ರಸೀದಿ, ಪತ್ರ, ಪಟ್ಟಿ, ಏನು ಸಿಕ್ಕರೂ ಜೋಪಾನ ಮಾಡಿ. ಇಟ್ಟುಕೊಂಡರೆ ಅದು ಕಥೆ, ಮಾರಿದರೆ ಅದೇ ಸಾಕ್ಷಿ.

ಇಟ್ಟುಕೊಂಡರೆ

ನಾಣ್ಯ ಬಡ್ಡಿ ಕೊಡುವುದಿಲ್ಲ, ಬಾಡಿಗೆ ತರುವುದಿಲ್ಲ. ಬೆಲೆ ಏರಬಹುದು, ಇಳಿಯಲೂಬಹುದು. ಸಂಗ್ರಾಹಕರ ಒಲವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಬರೀ ಹೂಡಿಕೆಯ ಲೆಕ್ಕದಲ್ಲಿ ಇಟ್ಟುಕೊಳ್ಳುವವರಿಗೆ ನನ್ನ ಮತ ಇಲ್ಲ. ಹೀಗೆ ಕೇಳಿಕೊಳ್ಳಿ: ಇದರ ಬೆಲೆಯಷ್ಟು ಹಣ ಇಂದು ಕೈಗೆ ಬಂದರೆ, ಅದನ್ನು ಕೊಟ್ಟು ಇದೇ ನಾಣ್ಯವನ್ನು ಕೊಳ್ಳುತ್ತೀರಾ? ಇಲ್ಲ ಅನ್ನುವವರನ್ನು ಹಿಡಿದು ನಿಲ್ಲಿಸಿರುವುದು ಹಣದ ಲೆಕ್ಕವಲ್ಲ, ನೆನಪು. ನೆನಪಿಗಾಗಿ ಇಟ್ಟುಕೊಳ್ಳುವುದು ಪೂರ್ತಿ ಸರಿಯಾದ ಕಾರಣ. ಆಗ ಅದನ್ನು ನೆನಪಿನ ವಸ್ತುವಿನಂತೆಯೇ ನೋಡಿಕೊಳ್ಳಿ, ವರ್ಷಕ್ಕೊಮ್ಮೆ ಹೊರತೆಗೆಯಿರಿ, ಮಕ್ಕಳ ಕೈಗೆ ಕೊಡಿ. ಕತ್ತಲ ಲಾಕರಿನಲ್ಲಿ ಮೂವತ್ತು ವರ್ಷ ಯಾರೂ ನೋಡದೆ ಬಿದ್ದಿರುವ ನಾಣ್ಯದಲ್ಲಿ ಅಜ್ಜನ ನೆನಪು ಎಲ್ಲಿ ಉಳಿದೀತು?

ಕಾಪಾಡುವ ಕೆಲಸ ಕಷ್ಟದ್ದಲ್ಲ, ಆದರೆ ಅರಿವು ಬೇಕು. ಮೆತ್ತಗೆ ಬಳುಕುವ, ಹೊಸದರ ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ಇಡಬೇಡಿ. ಅವು ವರ್ಷಗಳಲ್ಲಿ ಕೊಳೆತು ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತವೆ, ಆಮ್ಲ ಲೋಹವನ್ನು ತಿನ್ನುತ್ತದೆ. ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯ ಕವರು ಅಥವಾ ಗಟ್ಟಿ ಅಕ್ರಿಲಿಕ್ ಡಬ್ಬಿ ಒಳ್ಳೆಯದು. ಮರದ ಪೆಟ್ಟಿಗೆ, ಸಾಮಾನ್ಯ ರಟ್ಟು, ರಬ್ಬರ್ ಬ್ಯಾಂಡ್ ದೂರವಿರಲಿ, ಅವುಗಳ ಆಮ್ಲ ಮತ್ತು ಗಂಧಕ ನಾಣ್ಯಕ್ಕೆ ಆಗದು. ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ. ಹಿಡಿಯುವುದು ಅಂಚಿನಲ್ಲಿ ಮಾತ್ರ, ಕೆಳಗೆ ಮೆತ್ತನೆ ಬಟ್ಟೆ ಹಾಸಿ. ತಾಮ್ರ, ಕಂಚಿನ ಹಳೆಯ ನಾಣ್ಯದಲ್ಲಿ ಗಟ್ಟಿ ಹಸಿರು ಪದರ ಇದ್ದರೆ ಹೆದರಬೇಕಿಲ್ಲ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ನಾಣ್ಯವನ್ನು ಒಳಗಿಂದ ತಿನ್ನುವ ಕಿಲುಬು, ಸಂರಕ್ಷಣೆ ಬಲ್ಲವರಿಗೆ ಬೇಗ ತೋರಿಸಿ.

ವಿಮೆಯ ಬಗ್ಗೆ ಒಂದು ಮಾತು. ಮನೆಯ ಸಾಮಾನ್ಯ ವಿಮೆಯಲ್ಲಿ ನಾಣ್ಯಗಳಿಗೆ ತೀರ ಕಡಿಮೆ ಮಿತಿ ಇರುವುದುಂಟು, ಕೇಳಿ ತಿಳಿದುಕೊಳ್ಳಿ.

ಕೊಂಡಿ ಬೆಸೆದು ಪದಕವಾಗಿಸಿದ, ತೂತು ಮಾಡಿ ಸರಕ್ಕೆ ಪೋಣಿಸಿದ ನಾಣ್ಯವಾದರೆ ಯೋಚನೆಯೇ ಬೇಡ, ಇಟ್ಟುಕೊಳ್ಳಿ. ಸಂಗ್ರಾಹಕರ ಬೆಲೆ ಅದರಿಂದ ಆಗಲೇ ಬಹುಪಾಲು ಹೋಗಿದೆ. ಉಳಿದದ್ದು ಲೋಹ, ಮತ್ತು ಅದನ್ನು ಧರಿಸಿದವರು.

ಮಾರಿದರೆ

ಡೀಲರ್‌ಗೆ ಕೊಟ್ಟರೆ ಹಣ ಅಂದೇ ಕೈಗೆ. ಅವರು ಮತ್ತೆ ಮಾರಿ ಬದುಕಬೇಕಾದ್ದರಿಂದ ಪಟ್ಟಿಯಲ್ಲಿರುವ ಬೆಲೆಗಿಂತ ಕಡಿಮೆಯೇ ಕೊಡುತ್ತಾರೆ, ಅದು ಅನ್ಯಾಯವಲ್ಲ. ಬೆಲೆ ಎಲ್ಲರಿಗೂ ತಿಳಿದಿರುವ ನಾಣ್ಯಕ್ಕೆ, ಉದಾಹರಣೆಗೆ ಸಾಮಾನ್ಯ ಇಸವಿಯ ಸವರನ್‌ಗೆ, ಇದೇ ಸರಿಯಾದ ದಾರಿ. ಆ ದಿನದ ಚಿನ್ನದ ದರ ತಿಳಿದುಕೊಂಡು ಹೋಗಿ. ಸವರನ್‌ನಲ್ಲಿ ಅಪ್ಪಟ ಚಿನ್ನ 7.32 ಗ್ರಾಂ. ಅದಕ್ಕಿಂತ ತೀರ ಕೆಳಗೆ ಕೇಳಿದರೆ ಎದ್ದು ಬನ್ನಿ.

ಹರಾಜು ನಿಧಾನದ ದಾರಿ. ಪಟ್ಟಿ ಅಚ್ಚಾಗಬೇಕು, ಚಿತ್ರ ತೆಗೆಯಬೇಕು, ಸರದಿ ಬರಬೇಕು, ಮಾರಿದ ಮೇಲೂ ಹಣ ಬರಲು ವಾರಗಳು. ಮಾರುವವರ ಕಮಿಷನ್ ಒಂದಾದರೆ, ಕೊಳ್ಳುವವರ ಮೇಲೆ ಹಾಕುವ ಹೆಚ್ಚುವರಿ ಇನ್ನೊಂದು. ದೊಡ್ಡ ಸಂಸ್ಥೆಗಳಲ್ಲಿ ಅದು ನೂರಕ್ಕೆ 20ರ ಆಸುಪಾಸು ಇರುವುದು ಸಾಮಾನ್ಯ. ಕೊಳ್ಳುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೂಗುವುದರಿಂದ ಭಾರ ಕೊನೆಗೆ ನಿಮ್ಮ ಮೇಲೂ ಬೀಳುತ್ತದೆ. ಆದರೂ ನಿಜವಾಗಿ ಅಪರೂಪದ ನಾಣ್ಯಕ್ಕೆ ನಾನು ಹೇಳುವುದು ಹರಾಜನ್ನೇ. ಬೆಲೆ ಯಾರಿಗೂ ಖಚಿತವಿಲ್ಲದ ವಸ್ತುವಿನ ಬೆಲೆ ತಿಳಿಯುವುದು ಅದನ್ನು ಬಯಸುವ ಇಬ್ಬರು ಎದುರುಬದುರಾದಾಗ ಮಾತ್ರ. ಇದಕ್ಕಿಂತ ಕೆಳಗೆ ಮಾರಬಾರದು ಅನ್ನುವ ಕನಿಷ್ಠ ಬೆಲೆಯನ್ನು ಬರಹದಲ್ಲಿ ಹಾಕಿಸಿ. ಮಾರಾಟವಾಗದಿದ್ದರೆ ಶುಲ್ಕ ಇದೆಯೇ ಎಂದೂ ಕೇಳಿ.

ಆನ್‌ಲೈನಿನಲ್ಲಿ ನೀವೇ ಮಾರುವುದು ಸಣ್ಣ ಬೆಲೆಯವಕ್ಕೆ ಸರಿ. ಕೊಂಡವರು ಅಸಲಿ ಇಟ್ಟುಕೊಂಡು ನಕಲಿ ಹಿಂತಿರುಗಿಸುವುದುಂಟು. ‘ನಿಮ್ಮ ನಾಣ್ಯಕ್ಕೆ ಭಾರೀ ಬೆಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಅನ್ನುವವರು ಎಲ್ಲೇ ಇರಲಿ, ಯಾವ ಇಲಾಖೆಯ ಹೆಸರೇ ಹೇಳಲಿ, ಅವರು ಕಳ್ಳರು. ಕೊಳ್ಳುವವರು ಮಾರುವವರಿಂದ ಹಣ ಕೇಳುವುದಿಲ್ಲ.

ಯಾರ ಕೈಗೆ ಕೊಡುವ ಮೊದಲೂ ಎರಡು ಮುಖ, ಅಂಚು, ತೂಕ ತೋರಿಸುವ ತಕ್ಕಡಿ, ಇಷ್ಟರ ಫೋಟೋ ತೆಗೆದುಕೊಳ್ಳಿ. ಕೊಟ್ಟದ್ದಕ್ಕೆ ತೂಕ ಬರೆದ ರಸೀದಿ ಪಡೆಯಿರಿ.

ಪಾಲುದಾರರು ಹಲವರಿದ್ದರೆ

ನಾಣ್ಯವನ್ನು ಹೋಳು ಮಾಡಲಾಗದು. ಜಗಳವಾಗುವುದು ಹೆಚ್ಚಾಗಿ ಬೆಲೆಗಲ್ಲ, ‘ನನ್ನನ್ನು ಕೇಳಲಿಲ್ಲ’ ಅನ್ನುವುದಕ್ಕೆ. ಹೊರಗಿನವರಿಂದ ಬೆಲೆ ಕಟ್ಟಿಸಿ, ಎಲ್ಲರೂ ಒಂದೇ ದಿನ ಆ ಕಾಗದ ನೋಡಲಿ. ಬೇಕೆನ್ನುವವರು ಉಳಿದವರ ಪಾಲಿನ ಹಣ ಕೊಟ್ಟು ಇಟ್ಟುಕೊಳ್ಳಲಿ. ಯಾರಿಗೂ ಅಷ್ಟು ಹಣ ಇಲ್ಲದಿದ್ದರೆ ಮಾರಿ ಹಂಚಿಕೊಳ್ಳುವುದೇ ನೇರ. ನಾಣ್ಯಗಳು ಹಲವಿದ್ದರೆ ಬೆಲೆಬಾಳುವ ಒಂದೆರಡನ್ನು ಮಾರಿ, ಉಳಿದವನ್ನು ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಬಹುದು. ಆದರೆ ಹಿರಿಯರು ಒಂದು ಕ್ರಮದಲ್ಲಿ ಕೂಡಿಸಿದ ಸಂಗ್ರಹವಾಗಿದ್ದರೆ ಒಡೆಯುವ ಮೊದಲು ಬಲ್ಲವರನ್ನು ಕೇಳಿ, ಒಟ್ಟಾಗಿದ್ದರೆ ಅದಕ್ಕೆ ಬೇರೆಯೇ ತೂಕ ಇರಬಹುದು. ಇತಿಹಾಸಕ್ಕೆ ಬೇಕಾದಂಥ ನಾಣ್ಯವಾದರೆ ಮ್ಯೂಸಿಯಂಗೆ ಎರವಲಾಗಿ ಕೊಡುವ ದಾರಿಯೂ ಇದೆ. ಹೆಚ್ಚಿನ ಮ್ಯೂಸಿಯಂಗಳ ಬಳಿ ಪ್ರದರ್ಶನಕ್ಕಿಟ್ಟದ್ದಕ್ಕಿಂತ ಒಳಗೆ ಇಟ್ಟದ್ದೇ ಹೆಚ್ಚು, ಕೊಡುವ ಮೊದಲು ಅದು ತಿಳಿದಿರಲಿ.

ಚಿಕ್ಕಪ್ಪ ತಮ್ಮ ನಾಣ್ಯವನ್ನು ಹರಾಜಿಗೆ ಕೊಟ್ಟರು. ತಿಕ್ಕಿದ್ದರಿಂದ ಬೆಲೆ ಕುಗ್ಗಿತು, ಆದರೂ ಅಪರೂಪ ಅಪರೂಪವೇ. ಬಂದದ್ದನ್ನು ಅತ್ತೆಯ ಜೊತೆ ಸಮನಾಗಿ ಹಂಚಿಕೊಂಡರು. ಮಾರಬಾರದು ಅಂದಿದ್ದ ಅತ್ತೆ ನಾಣ್ಯದ ಫೋಟೋದ ಒಂದು ಪ್ರತಿ ಕೇಳಿ ತೆಗೆದುಕೊಂಡರು.

ನನ್ನ ಥೇಲರ್ ಈಗ ಮೈಲಾರ್ ಕವರಿನಲ್ಲಿದೆ. ಅಜ್ಜ ಸುತ್ತಿದ್ದ ಕಾಗದವನ್ನು ಅದಕ್ಕೆ ತಾಗದ ಹಾಗೆ ಬೇರೆ ಕವರಿನಲ್ಲಿಟ್ಟು ಜೊತೆಗೇ ಇಟ್ಟಿದ್ದೇನೆ. ಒಳ್ಳೆಯ ಕಾಗದದ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದೆ: ಇದು ಯಾರದ್ದು, ಯಾವಾಗ ನನಗೆ ಬಂತು, ತೂಕ ಎಷ್ಟು, ಯಾರಿಗೆ ತೋರಿಸಿದೆ, ಅವರು ಏನಂದರು. ಕೊನೆಯ ಸಾಲು, ‘1780 ಎಂದಿದೆ, ಆದರೆ ಅಷ್ಟು ಹಳೆಯದಲ್ಲ, ತಿಕ್ಕಬೇಡಿ.’